ಸೌಂಡ್‌ಬಾರ್ ತರಲು ಹೊರಟು ಗ್ರಾಮಫೋನಿನ ತನಕ ಹೋಗಿ ಬಂದದ್ದು

ನಮ್ಮ ಮನೆಯಲ್ಲಿ ಆರು ತಿಂಗಳಿಂದ ದಿನಾ ಸಂಜೆ ಒಂದೇ ಜಗಳ. ಟಿವಿ ಸೌಂಡಿನದು. ಅಪ್ಪನಿಗೆ ಈಗ 85. ಗದಗಿನ ಮನೆ ಬಿಟ್ಟು ಪುಣೆಗೆ ನಮ್ಮ ಜೊತೆ ಇರಲು ಬಂದು ನಾಲ್ಕು ವರ್ಷವಾಯಿತು. ಸಂಜೆ ಕನ್ನಡ ವಾರ್ತೆ ಹಾಕಿಕೊಂಡು ಕೂತರೆಂದರೆ ವಾಲ್ಯೂಮು 40 ದಾಟುತ್ತದೆ. ಕೆಳಗಿನ ಫ್ಲ್ಯಾಟಿನವರು ಎರಡು ಸಲ ಇಂಟರ್‌ಕಾಮ್ ಮಾಡಿ ಆಯಿತು. ಇಷ್ಟಾದರೂ ಅಪ್ಪನದು ಒಂದೇ ದೂರು: "ಬಾಯಿ ಅಳ್ಳಾಡಸ್ತಾರ, ಗದ್ದಲಾನೂ ಭಾಳ ಕೇಳಸ್ತದ. ಏನಂತಾರಂತ ಮಾತ್ರ ತಿಳಿವಲ್ದು."

ಮೊದಮೊದಲು ನಾನು ಬೇರೆಯೇ ಕಾರಣಕ್ಕೆ ಹೆದರಿದ್ದೆ. ಚಹಾ ಬೇಕಾ ಅಂದರೆ "ಹೌದು, ಮಳಿ ಬರೂ ಹಂಗದ" ಅನ್ನುತ್ತಿದ್ದರು. ಊಟದ ಹೊತ್ತಿನಲ್ಲಿ ಎಲ್ಲರೂ ಮಾತಾಡುತ್ತಿದ್ದರೆ ಸುಮ್ಮನೆ ತಲೆ ಹಾಕಿ ನಗುತ್ತಿದ್ದರು. ನಲವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದ ಮನುಷ್ಯ, ಮಾತಿಗೆ ಮಾತು ಕೊಡದೆ ಬಿಟ್ಟವರೇ ಅಲ್ಲ. ಅಪ್ಪನಿಗೆ ಮರೆವು ಹಿಡಿಯಿತು ಅಂತ ನಾನೂ ಹೆಂಡತಿಯೂ ಅಡಿಗೆಮನೆಯಲ್ಲಿ ಪಿಸುಗುಟ್ಟಿಕೊಂಡದ್ದುಂಟು. ಆಮೇಲೆ ಕಿವಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ತಲೆ ನಮಗಿಂತ ಚೆನ್ನಾಗಿದೆ, ಕಿವಿಗೆ ಮಾತ್ರ ವಯಸ್ಸಾಗಿದೆ.

ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸಪ್ಪಳಗಳನ್ನು. ಮಾತಿನಲ್ಲಿ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ, ಸ, ಶ, ತ, ಕ, ಪ ಇವುಗಳ ಗುರುತು ಇರುವುದು ಸುಮಾರು 2000 ಹರ್ಟ್ಜ್‌ನಿಂದ ಮೇಲೆ. ಹೀಗಾಗಿ ಅ ಆ ಇ ಈ ಎಲ್ಲಾ ಕೇಳುತ್ತದೆ, ವ್ಯಂಜನ ಜಾರಿಬಿಡುತ್ತದೆ. ಕಾಲು, ಸಾಲು, ಪಾಲು ಮೂರೂ "ಆಲು" ಆಗುತ್ತವೆ. ವಾಲ್ಯೂಮ್ ಏರಿಸಿದರೆ "ಆಲು" ಇನ್ನೂ ಜೋರಾಗುತ್ತದೆ ಅಷ್ಟೆ! ಕಿವಿಯ ಯಂತ್ರ ಮಾಡಿಸಿಕೊಟ್ಟೆವು, ಮಾಡಿಸಲೇಬೇಕು. ಅಪ್ಪ ಅದನ್ನು ದಿನಕ್ಕೆ ಒಂದು ತಾಸು ಹಾಕಿಕೊಂಡು ಡಬ್ಬಿಯಲ್ಲಿಡುತ್ತಾರೆ. ಆಗ ಮಗಳು ಹೇಳಿದ್ದು, "ಪಪ್ಪಾ, ಟಿವಿಗೊಂದು ಸೌಂಡ್‌ಬಾರ್ ತಗೋ."

ನನಗೆ ಸೌಂಡ್‌ಬಾರ್ ಅಂದರೆ ಮೊದಲಿನಿಂದಲೂ ತಾತ್ಸಾರ. ಹಾಡು ಕೇಳಲು ಎರಡು ಸ್ಪೀಕರ್ ಬೇಕು, ಅವು ದೂರದೂರ ಇರಬೇಕು, ನಡುವೆ ಕೂಡ್ರಬೇಕು ಅನ್ನುವ ಮಡಿವಂತ ನಾನು. ಟಿವಿ ಕೆಳಗೆ ಅಗಳಿಯಂತೆ ಬಿದ್ದಿರುವ ಈ ಪಟ್ಟಿ ಅಂಗಡಿಯವರ ಹೊಸ ಹಿಕ್ಕಮತ್ತು ಅಂದುಕೊಂಡಿದ್ದೆ. ತರುವ ಮೊದಲು ಸ್ವಲ್ಪ ಓದಿ ನೋಡೋಣ ಅಂತ ಕೂತವನಿಗೆ, ಅಪ್ಪನ ಹಳೆಯ ಮಾತುಗಳೂ ಸೇರಿಕೊಂಡು, ಅದು ಅಷ್ಟೇನೂ ಹೊಸದಲ್ಲ ಅನ್ನಿಸತೊಡಗಿತು. ಟಿವಿಯ ಹೊಟ್ಟೆಯಿಂದ ತೆಗೆದುಹಾಕಿದ್ದನ್ನೇ ನಾವು ಈಗ ಬೇರೆ ದುಡ್ಡು ಕೊಟ್ಟು ತರುತ್ತಿದ್ದೇವೆ. ಆ ಕಥೆ ಹೇಳಬೇಕೆಂದರೆ ಗ್ರಾಮಫೋನಿನಿಂದ ಶುರು ಮಾಡಬೇಕು.

ನಮ್ಮ ದೇಶದ ಹಾಡುಗಾರರ ಧ್ವನಿ ಮೊದಲು ತಟ್ಟೆಯ ಮೇಲೆ ಬಂದದ್ದು 1902ರ ನವೆಂಬರ್‌ನಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರ ಹೊತ್ತುಕೊಂಡು ಬಂದಿದ್ದ, ಹಾಡಿದವರಲ್ಲಿ ಹೆಸರಾದವಳು ಗೌಹರ್ ಜಾನ್. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿಯವರಿಗೆ ಯಾರ ಹಾಡು ಯಾವುದು ಅಂತ ತಿಳಿಯಬೇಕಲ್ಲ. ಆಗ ಮೈಕು ಇರಲಿಲ್ಲ. ಹಾಡುಗಾರರು ದೊಡ್ಡ ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಬೇಕು, ಅದರ ಬುಡದಲ್ಲಿ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ಆ ರೀತಿಯಲ್ಲಿ ಹಿಡಿಯಲು ಸಾಧ್ಯವಾದದ್ದು ಸುಮಾರು 250ರಿಂದ 2500 ಹರ್ಟ್ಜ್ ತನಕ ಮಾತ್ರ. ತಬಲಾದ ಎಡದ ಗುಮುಕು ಇಲ್ಲ, ತಂಬೂರಿ ಇದ್ದೂ ಇಲ್ಲ. ಆದರೆ ಮನುಷ್ಯನ ಕಂಠ ಬಹುಪಾಲು ಅದೇ ಸಂದಿಯಲ್ಲಿರುತ್ತದೆ. ಬೇರೆಲ್ಲ ಹೋಗಿ ಕಂಠ ಉಳಿಯಿತು. 1925ರಿಂದ ಮೈಕು, ವಿದ್ಯುತ್ತು ಬಂದು ಸ್ಥಿತಿ ಸುಧಾರಿಸಿತು.

ಈ ಬಡಪಾಯಿ ಯಂತ್ರ ಎಂಥ ಕೆಲಸ ಮಾಡಿತು ನೋಡಿ. ಗದಗಿನಲ್ಲಿ ಬೆಳೆಯುತ್ತಿದ್ದ ಒಬ್ಬ ಹುಡುಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಠುಮ್ರಿಯ ತಟ್ಟೆ ಕೇಳಿ ಹುಚ್ಚಾದ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಉತ್ತರ ಹಿಂದೂಸ್ತಾನವೆಲ್ಲ ಅಲೆದು ಬಂದ ಮೇಲೆ ಗುರು ಸಿಕ್ಕಿದ್ದು ಮಗ್ಗುಲಲ್ಲೇ, ಕುಂದಗೋಳದಲ್ಲಿ. ಅಬ್ದುಲ್ ಕರೀಮ್ ಖಾನರ ಶಿಷ್ಯ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಹುಡುಗ ಭೀಮಸೇನ ಜೋಶಿ. ಆಮೇಲೆ ಪುಣೆಯೇ ಅವರ ಊರಾಯಿತು. ಗುರು 1952ರಲ್ಲಿ ತೀರಿಕೊಂಡ ಮೇಲೆ 1953ರಿಂದ ಇಲ್ಲಿ ಸವಾಯಿ ಗಂಧರ್ವ ಉತ್ಸವ ಶುರುವಾಯಿತು. ಇಲ್ಲಿಗೆ ಬಂದ ನಮ್ಮ ಕಡೆಯವರಿಗೆ ಅದು ತವರಿನ ಜಾತ್ರೆ ಇದ್ದ ಹಾಗೆ. ಅದೇ ಗುರುವಿನ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಮೊದಲ ತಟ್ಟೆಗಳಲ್ಲಿ ಹೆಸರು ಗಂಗೂಬಾಯಿ ಅಂತಿಲ್ಲ, ಹುಬ್ಬಳ್ಳಿಯ ಗಾಂಧಾರಿ ಅಂತಿದೆ. ಆ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬಂದ, ನಾವು ಬಲ್ಲ ಆ ಗಡುಸು ಕಂಠ ಅಲ್ಲ.

ಅಪ್ಪನ ಸೋದರಮಾವನ ಮನೆಯಲ್ಲಿ ಕೀಲಿ ಕೊಡುವ ಎಚ್.ಎಂ.ವಿ. ಪೆಟ್ಟಿಗೆ ಇತ್ತಂತೆ. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಪ್ರತಿ ಮಗ್ಗುಲಿಗೂ ಉಕ್ಕಿನ ಸೂಜಿ ಬದಲಿಸಬೇಕು, ಇಲ್ಲವಾದರೆ ತಟ್ಟೆ ಕೆಡುತ್ತದೆ. ವಾಲ್ಯೂಮಿಗೆ ಗುಂಡಿಯೇ ಇಲ್ಲ. ರಾತ್ರಿ ಹೊತ್ತು ಯಾರಾದರೂ ಮಲಗಿದ್ದರೆ ಮಾವ ಸಪ್ಪಳ ಬರುವ ಕಡೆಗೆ ಒಂದು ಹಳೇ ಪಂಚೆ ತುರುಕುತ್ತಿದ್ದರು ಅಂತ ಅಪ್ಪ ನೆನೆಸಿಕೊಂಡು ನಗುತ್ತಾರೆ. ಈಗಿನ ಸೌಂಡ್‌ಬಾರಿನಲ್ಲಿ "ನೈಟ್ ಮೋಡ್" ಅಂತ ಒಂದು ಗುಂಡಿ ಇರುತ್ತದೆ. ಜೋರು ಸಪ್ಪಳ ಇಳಿಸಿ, ಮೆಲ್ಲಗಿನದನ್ನು ಏರಿಸಿ, ಎರಡನ್ನೂ ಹತ್ತಿರ ತರುವುದು ಅದರ ಕೆಲಸ. ಪಂಚೆ ತುರುಕುವುದಕ್ಕಿಂತ ಜಾಣತನದ್ದು, ಒಪ್ಪಬೇಕು.

ಗ್ರಾಮಫೋನು ಇದ್ದವರ ಮನೆಯ ವಸ್ತು, ಮನೆಮನೆಗೆ ಧ್ವನಿ ಬಂದದ್ದು ರೇಡಿಯೊದಿಂದ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು, ಪುಣೆಯದು 1953ರಲ್ಲಿ. ನಮ್ಮ ಮನೆಗೆ ರೇಡಿಯೊ ಬಂದದ್ದು ನಾನು ಹುಟ್ಟುವ ಮೊದಲೇ. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಬಂಗಾರದ ಬಣ್ಣದ ಜಾಳಿಗೆ ಬಟ್ಟೆ, ಅದರ ಹಿಂದೆ ತಾಟಿನಷ್ಟು ದೊಡ್ಡ ಒಂದೇ ಸ್ಪೀಕರು, ಕೂತವರ ಮುಖಕ್ಕೆ ನೇರ. ಗೋಡೆಯ ಮೇಲೆ ಎತ್ತರದಲ್ಲಿ ಹಲಗೆ, ಅದರ ಮೇಲೆ ಅಜ್ಜಿ ಹೆಣೆದ ಕ್ರೋಷಾ ಹೊದಿಕೆ, ಜಂತಿಯಿಂದ ಜಂತಿಗೆ ಜಾಳಿಗೆಯ ಏರಿಯಲ್. ವರ್ಷಾ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸು ಕಟ್ಟಬೇಕು (ಈ ಲೈಸೆನ್ಸು 1980ರ ದಶಕದಲ್ಲಿ ರದ್ದಾಯಿತು, ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ).

ಅದನ್ನು ಕೊಳ್ಳುವಾಗ ಅಜ್ಜ ಮಾಡಿದ ಪರೀಕ್ಷೆ ನಮ್ಮ ಮನೆಯಲ್ಲಿ ಈಗಲೂ ಮಾತಿಗೆ ಬರುತ್ತದೆ. ಹುಬ್ಬಳ್ಳಿಯ ಅಂಗಡಿಯವನು ಸಿಲೋನಿನ ಹಾಡು ಹಾಕಿ ತೋರಿಸುತ್ತಿದ್ದನಂತೆ. ಅಜ್ಜ "ಹಾಡು ಯಾವ ಡಬ್ಬ್ಯಾಗೂ ಛಂದ ಕೇಳಸ್ತದ, ಸುದ್ದಿ ಹಚ್ಚು" ಅಂದರು. ಸುದ್ದಿ ಬರುವ ಹೊತ್ತಿನ ತನಕ ಅಂಗಡಿಯಲ್ಲೇ ಕಾದು ಕೂತು, ಕಣ್ಣು ಮುಚ್ಚಿ ಕೇಳಿ, ಓದುವವರ ಪ್ರತಿ ಶಬ್ದವೂ ಕಡಿದು ಬಿದ್ದ ಹಾಗೆ ಬಂದ ಪೆಟ್ಟಿಗೆಯನ್ನು ಆರಿಸಿದರು. ಇನ್ನೊಂದರಲ್ಲಿ ಗುಮ್ ಗುಮ್ ಜಾಸ್ತಿ ಇತ್ತಂತೆ.

ಕ್ಯಾಸೆಟ್ಟಿನ ಕಾಲ ಎಲ್ಲರಿಗೂ ಗೊತ್ತಿದ್ದದ್ದೇ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಡಬ್ಬಿ ಕನ್ನಡಕ್ಕೆ ಬೇರೆಯದೇ ಉಪಕಾರ ಮಾಡಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಹಾಡಿಸಿದ "ನಿತ್ಯೋತ್ಸವ" ಬಂದ ಮೇಲೆ ಭಾವಗೀತೆ ಅನ್ನುವುದು ಮನೆಯಲ್ಲಿಟ್ಟುಕೊಂಡು ಕೇಳುವ ವಸ್ತುವಾಯಿತು. 1986ರಲ್ಲಿ ನಾನು ಪಿಂಪ್ರಿಗೆ ಕೆಲಸಕ್ಕೆ ಬಂದಾಗ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳಲ್ಲಿ ಅದೂ ಒಂದು, ಭೀಮಸೇನ ಜೋಶಿಯವರ ದಾಸರ ಪದಗಳದು ಇನ್ನೊಂದು. ಟೂ-ಇನ್-ಒನ್ ಸಣ್ಣದು, ಸ್ಪೀಕರು ಒಂದೇ. ರೂಮಿನಲ್ಲಿ ನಾವು ನಾಲ್ಕು ಜನ ಅದರ ಸುತ್ತ ಕೂತು ಕೇಳುತ್ತಿದ್ದೆವು, ಏನೂ ಕಡಿಮೆ ಅನ್ನಿಸಿರಲಿಲ್ಲ.

ಟಿವಿ ಮನೆಗೆ ಬಂದದ್ದು 1988ರಲ್ಲಿ. ಪುಣೆಯ ಟಿವಿ ಗೋಪುರ ಇರುವುದು ಸಿಂಹಗಡದ ಮೇಲೆ, ಆಂಟೆನಾ ಆ ಕಡೆ ತಿರುಗಿಸಿದರೆ ಚಿತ್ರ ಬರುತ್ತಿತ್ತು. ಆ ವರ್ಷದ ಆಗಸ್ಟ್ 15ಕ್ಕೆ ದೂರದರ್ಶನದಲ್ಲಿ "ಮಿಲೇ ಸುರ್" ಬಂತು, ಶುರುವಾಗುವುದೇ ಭೀಮಸೇನರ ಕಂಠದಿಂದ. ಗದಗಿನವರು, ನಮ್ಮ ಪುಣೆಯವರು! ನಡುವೆ ಬರುವ ಒಂದು ಸಾಲು ಕನ್ನಡಕ್ಕಾಗಿ ನಾವು ಕಿವಿ ನೆಟ್ಟು ಕೂಡ್ರುತ್ತಿದ್ದೆವು. ಆ ಟಿವಿಯಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು ಅಂತ ಈಗ ಯೋಚಿಸಿದರೆ ಆಶ್ಚರ್ಯ ಆಗುತ್ತದೆ. ಕಾರಣ ಸರಳ. ಗಾಜಿನ ಚಿತ್ರಕೊಳವೆ ಹಿಂದಕ್ಕೆ ಒಂದೂವರೆ ಅಡಿ ಚಾಚಿರುತ್ತಿತ್ತು, ಅದನ್ನು ಮುಚ್ಚಲು ದೊಡ್ಡ ಪೆಟ್ಟಿಗೆ ಬೇಕೇ ಬೇಕು. ಪೆಟ್ಟಿಗೆಯ ಮೂಲೆಯಲ್ಲಿ ಜಾಗ ಬಿಟ್ಟಿ. ಅಲ್ಲಿ ಒಳ್ಳೆಯ ಅಳತೆಯ ಸ್ಪೀಕರು, ಪರದೆಯ ಮಗ್ಗುಲಿಗೆ, ಮುಖ ನಮ್ಮ ಕಡೆ. ಅಂದರೆ ಅಜ್ಜನ ರೇಡಿಯೊವೇ, ಚಿತ್ರ ಹಚ್ಚಿಕೊಂಡು ಬಂದಿತ್ತು.

1990ರ ದಶಕದ ಬಗ್ಗೆ ಹೆಚ್ಚಿಗೆ ಬರೆಯಲಾರೆ. ಪಿ.ಎಂ.ಪಿ.ಓ. ಎಂಬ ಒಂದು ಸುಳ್ಳಿನ ಕಾಲ ಅದು. ಅಂಗೈಯಗಲದ ಸ್ಪೀಕರಿನ ಮೇಲೆ "1000 ವ್ಯಾಟ್ಸ್" ಅಂತ ಚೀಟಿ ಹಚ್ಚಿರುತ್ತಿದ್ದರು. ಅದನ್ನು ಅಳೆಯಲು ಯಾರೂ ಒಪ್ಪಿದ ಅಳತೆಗೋಲೇ ಇರಲಿಲ್ಲ. ನಂಬಬಹುದಾದದ್ದು ಆರ್.ಎಂ.ಎಸ್. ಅಂತ ಬರೆದ ಸಂಖ್ಯೆ, ಅದು ಡಬ್ಬದ ಹಿಂದೆ ಇರುವೆಯಷ್ಟು ಅಕ್ಷರದಲ್ಲಿ. 2000ರ ನಂತರ ಡಿವಿಡಿ ಬಂತು, ಜೊತೆಗೆ ಐದು ಸ್ಪೀಕರ್ ಒಂದು ಡಬ್ಬದ ಹೋಮ್ ಥಿಯೇಟರ್. ನಾನೂ ತಂದೆ. ಹಿಂದಿನ ಎರಡು ಸ್ಪೀಕರಿನ ವೈರು ಕಾಲಿಗೆ ತೊಡರಿ ಹೆಂಡತಿ ಬಿದ್ದದ್ದೇ ಅದರ ಮುಕ್ತಾಯ.

ಅಷ್ಟರಲ್ಲಿ ಟಿವಿ ತೆಳ್ಳಗಾಯಿತು. ಗೋಡೆಗೆ ಕ್ಯಾಲೆಂಡರಿನಂತೆ ತೂಗುಹಾಕಬಹುದು ಅಂತ ನಾವೆಲ್ಲ ಖುಷಿಪಟ್ಟೆವು. ಸ್ಪೀಕರು ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ. ಧ್ವನಿ ಅಂದರೆ ಗಾಳಿಯನ್ನು ತಳ್ಳುವುದು, ಅದಕ್ಕೆ ಜಾಗ ಬೇಕು. ಎರಡು ಬೆರಳು ದಪ್ಪದ ಪೆಟ್ಟಿಗೆಯಲ್ಲಿ ಅದು ಸಿಗುವುದಿಲ್ಲ. ಪರದೆಯ ಅಂಚೂ ಕೂದಲೆಳೆಯಷ್ಟಾದ ಮೇಲೆ ಮುಂದಕ್ಕೆ ಮುಖ ಮಾಡಲೂ ಜಾಗ ಇಲ್ಲ. ಹಾಗಾಗಿ ಹೆಚ್ಚಿನ ಟಿವಿಗಳಲ್ಲಿ ಸ್ಪೀಕರು ಕೆಳಗೆ ನೆಲಕ್ಕೋ ಹಿಂದೆ ಗೋಡೆಗೋ ಮುಖ ಮಾಡಿ ಮಾತಾಡುತ್ತದೆ. ಕೆಳಗಿನ ಕಂಪನಗಳು ಹೇಗೋ ಸುತ್ತಿಬಳಸಿ ಬರುತ್ತವೆ. ಎತ್ತರದ ಕಂಪನಗಳು ನೇರ ಹೋಗುವ ಸ್ವಭಾವದವು, ಅವು ಮೇಜಿಗೂ ಗೋಡೆಗೂ ಬಡಿದು ಚದುರುತ್ತವೆ. ಅಪ್ಪನ ಕಿವಿ ಕಳೆದುಕೊಂಡದ್ದೂ ಅವನ್ನೇ, ಟಿವಿ ಹಾಳುಮಾಡುವುದೂ ಅವನ್ನೇ! ಇದು ತಿಳಿದ ದಿನ ಆರು ತಿಂಗಳು ಅಪ್ಪನ ಮೇಲೆ ರೇಗಿದ್ದಕ್ಕೆ ನನಗೆ ನಾಚಿಕೆಯಾಯಿತು.

ಟಿವಿ ಬಿಟ್ಟುಕೊಟ್ಟ ಆ ಜಾಗಕ್ಕೆ ಬಂದದ್ದೇ ಸೌಂಡ್‌ಬಾರ್. ಮೊದಲನೆಯದು ಅಂತ ಸಾಮಾನ್ಯವಾಗಿ ಹೆಸರಿಸುವುದು 1998ರಲ್ಲಿ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ ತಂದದ್ದನ್ನು. 2005ರ ಹೊತ್ತಿಗೆ ಯಮಹಾದವರು ಒಂದೇ ಪಟ್ಟಿಯಲ್ಲಿ 40 ಪುಟ್ಟ ಸ್ಪೀಕರು ಜೋಡಿಸಿ, ಧ್ವನಿಯನ್ನು ಟಾರ್ಚಿನ ಬೆಳಕಿನಂತೆ ಪಕ್ಕದ ಗೋಡೆಗಳಿಗೆ ಹೊಡೆದು, ಅಲ್ಲಿಂದ ಪುಟಿಸಿ ಸುತ್ತಲಿಂದ ಬಂದ ಹಾಗೆ ಮಾಡಿದರು. ಗೋಡೆಯನ್ನು ಬಳಸುವ ಯುಕ್ತಿ ಅದಕ್ಕೂ ಹಳೆಯದು. ಬಂಗಾಳದ ತಂದೆಗೆ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ 1956ರಲ್ಲಿ ಆಸೆಯಿಂದ ಸ್ಟೀರಿಯೊ ಕೊಂಡು, ಸಭಾಗೃಹದಲ್ಲಿ ಕೇಳಿದಂತೆ ಅದು ಕೇಳುತ್ತಿಲ್ಲವೆಂದು ಬೇಸರಪಟ್ಟು ಸಂಶೋಧನೆಗೆ ಕೂತವರು. ಸಭೆಯಲ್ಲಿ ನಮ್ಮ ಕಿವಿಗೆ ಬರುವುದರಲ್ಲಿ ಹೆಚ್ಚಿನ ಪಾಲು ಗೋಡೆಗೆ ಬಡಿದು ಬಂದದ್ದು ಅಂತ ಕಂಡು, 1968ರಲ್ಲಿ ಅವರು ತಂದ ಸ್ಪೀಕರಿನಲ್ಲಿ ಒಂಬತ್ತರಲ್ಲಿ ಎಂಟು ಹಿಂದಕ್ಕೆ ಮುಖ ಮಾಡಿದ್ದವು. ಕಿವಿ ಹರೆಯದ್ದಿದ್ದರೆ ಇದೆಲ್ಲ ಸೊಗಸು. ನಮ್ಮ ಹಾಲಿನಲ್ಲಿ ಒಂದು ಮಗ್ಗುಲು ಗೋಡೆ, ಇನ್ನೊಂದು ಮಗ್ಗುಲು ಬಾಲ್ಕನಿಯ ಪರದೆ. ಪುಟಿಯಬೇಕಾದ ಧ್ವನಿ ಎದುರಿನ ಬಿಲ್ಡಿಂಗಿಗೆ ಹೋಗುತ್ತದೆ.

ನಮಗೆ ಬೇಕಾದದ್ದು ಸಿನೆಮಾದವರ ಇನ್ನೊಂದು ಹಳೆಯ ಉಪಾಯ. ಥಿಯೇಟರಿನಲ್ಲಿ ಪರದೆಯ ಹಿಂದೆ ಎಡಕ್ಕೆ, ಬಲಕ್ಕೆ, ನಟ್ಟನಡುವೆ ಹೀಗೆ ಮೂರು ಸ್ಪೀಕರು ಇರುತ್ತವೆ. ಮಾತು ಬಹುತೇಕ ನಡುವಿನದರಿಂದಲೇ ಬರುತ್ತದೆ, ಸಂಗೀತ ಗದ್ದಲ ಬದಿಯವುಗಳಿಂದ. ಸೌಂಡ್‌ಬಾರ್ ಡಬ್ಬದ ಮೇಲೆ 2.1 ಅಂತಿದ್ದರೆ ನಡುವಿನದು ಇಲ್ಲ, 3.1 ಅಂತಿದ್ದರೆ ಇದೆ. ಚುಕ್ಕೆಯ ನಂತರದ 1 ಅಂದರೆ ಗುಮ್ ಗುಮ್ ಡಬ್ಬ. ನಡುವಿನದು ಬೇರೆ ಇದ್ದರೆ ಅದನ್ನೊಂದನ್ನೇ ಏರಿಸಿ ಉಳಿದದ್ದನ್ನು ಇಳಿಸಬಹುದು. ಕೊಳ್ಳುವವರಿಗೆ ಇನ್ನೊಂದು ಮಾತು, ಟಿವಿಯಲ್ಲಿ "ಎಚ್‌ಡಿಎಂಐ ಎಆರ್‌ಸಿ" ಅಂತ ಬರೆದ ತೂತು ಇದೆಯಾ ನೋಡಿಕೊಳ್ಳಿ. 2009ರಿಂದ ಬಂದ ಈ ವ್ಯವಸ್ಥೆಯಲ್ಲಿ ಒಂದೇ ವೈರು, ಒಂದೇ ರಿಮೋಟು ಸಾಕು. ಬ್ಲೂಟೂತಿನಲ್ಲಿ ಹಾಕಿದರೆ ತುಟಿ ಮೊದಲು, ಮಾತು ಆಮೇಲೆ ಬರುವ ಸಾಧ್ಯತೆ ಇದೆ. ತುಟಿ ನೋಡಿ ಮಾತು ಹಿಡಿಯುವ ಮುದುಕರಿಗೆ ಅದಕ್ಕಿಂತ ಹಿಂಸೆ ಇಲ್ಲ.

ಒಂದು ಶನಿವಾರ ಬುಧವಾರ ಪೇಟೆಯ ತಪ್ಕೀರ್ ಗಲ್ಲಿಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ಇಂಗ್ಲಿಷ್ ಸಿನೆಮಾ ಒಂದರ ಬಾಂಬು ಸಿಡಿಯುವ ತುಂಡು ಹಾಕಿ "ಕಾಕಾ, ಬೇಸ್ ಐಕಾ ಬೇಸ್!" ಅಂದ. ಕಪಾಟಿನ ಗಾಜು ನಡುಗಿತು. ಅಪ್ಪ ನನ್ನ ಮುಖ ನೋಡಿದರು. ನನಗೆ ಅಜ್ಜನ ನೆನಪಾಗಿ ಮೊಬೈಲಿನಲ್ಲಿಟ್ಟುಕೊಂಡಿದ್ದ ಕನ್ನಡ ವಾರ್ತೆ ಹಚ್ಚಲು ಹೇಳಿದೆ. ಹುಡುಗನಿಗೆ ನಿರಾಸೆ. ನಾಲ್ಕು ಪಟ್ಟಿ ಕೇಳಿಸಿದ. ಅಪ್ಪ ಕಣ್ಣು ಮುಚ್ಚಿ ಕೂತು, ಓದುವವಳು ಹೇಳಿದ್ದನ್ನು ನನಗೆ ತಿರುಗಿ ಹೇಳಬೇಕು. ಅತ್ಯಂತ ತುಟ್ಟಿಯದರಲ್ಲಿ ಅರ್ಧ ಹೇಳಿದರು. ಮೂರನೆಯದರಲ್ಲಿ, ಮಾತಿನ ಗುಂಡಿ ಒತ್ತಿದ ಮೇಲೆ, ಜಲಾಶಯಕ್ಕೆ ಎಷ್ಟು ಕ್ಯೂಸೆಕ್ಸ್ ನೀರು ಅನ್ನುವುದನ್ನೂ ಬಿಡದೆ ಒಪ್ಪಿಸಿದರು.

ಆಮೇಲೆ ನನ್ನ ಸರದಿ. ಪೆನ್ ಡ್ರೈವಿನಲ್ಲಿ ಭೀಮಸೇನರನ್ನು ಒಯ್ದಿದ್ದೆ. ಗಂಡುದನಿಯ ತಂಬೂರಿಯಲ್ಲಿ ಖರ್ಜದ ತಂತಿ ಸುಮಾರು 70 ಹರ್ಟ್ಜ್. ಸಣ್ಣ ಸ್ಪೀಕರಿಗೆ ಅದು ಆಗುವ ಮಾತಲ್ಲ. ಆದರೆ ನಮ್ಮ ಕಿವಿ ವಿಚಿತ್ರದ್ದು, ಮೇಲಿನ ಅನುರಣನಗಳು ಸಿಕ್ಕರೆ ಇಲ್ಲದ ಬುಡವನ್ನು ತಾನೇ ಊಹಿಸಿಕೊಳ್ಳುತ್ತದೆ. ಹಳೆಯ ತಟ್ಟೆಗಳು ನಮ್ಮನ್ನು ಬದುಕಿಸಿದ್ದು ಹಾಗೆ. ಗುಮ್ ಡಬ್ಬ ಸೇರಿದ ಮೇಲೆ ಖರ್ಜ ನಿಜವಾಗಿಯೇ ಬಂತು. ಸೋತದ್ದು ಅಗಲದಲ್ಲಿ. ಎರಡು ತಂಬೂರಿ, ಒಂದು ಎಡಕ್ಕೆ ಒಂದು ಬಲಕ್ಕೆ ಇರಬೇಕಾದದ್ದು, ಮೂರಡಿ ಪಟ್ಟಿಯಲ್ಲಿ ಒಂದರ ಮೇಲೊಂದು ಕೂತಿದ್ದವು. ಅದೇ 1950ರ ದಶಕದ ಒಂದೇ ಮೈಕಿನ ಧ್ವನಿಮುದ್ರಣ ಹಾಕಿದರೆ ಪಟ್ಟಿ ಎಷ್ಟು ಚೆನ್ನಾಗಿ ಹಾಡಿತೆಂದರೆ ನಾನು ಸುಮ್ಮನಾದೆ. ಒಂದೇ ಕಡೆಯಿಂದ ಬರಲೆಂದೇ ಮಾಡಿದ ಧ್ವನಿ ಅದು. "ಸರೌಂಡ್" ಗುಂಡಿ ಮಾತ್ರ ಮುಟ್ಟಬೇಡಿ, ಪಂಡಿತರು ಬಚ್ಚಲಮನೆಯಲ್ಲಿ ಹಾಡಿದ ಹಾಗಾಗುತ್ತದೆ.

ಮೂರನೆಯದನ್ನೇ ತಂದೆವು. ನನ್ನ ಹಳೇ ಜೋಡಿ ಸ್ಪೀಕರು ಬೇರೆ ಗೋಡೆಗೆ ಇದ್ದಲ್ಲೇ ಇವೆ, ಹಾಡಿಗೆ ಅವೇ. ಗುಮ್ ಡಬ್ಬವನ್ನು ನೆಲದಿಂದ ಎತ್ತಿ ದಪ್ಪ ರಬ್ಬರಿನ ಮೇಲಿಟ್ಟು ಅರ್ಧಕ್ಕಿಂತ ಕೆಳಗೆ ಇಳಿಸಿದ್ದೇನೆ. ನೆಲದ ಮೇಲೆ ಕೂತರೆ ಅದು ಸ್ಲ್ಯಾಬಿನ ಮೂಲಕ ಕೆಳಗಿನ ಮನೆಯಲ್ಲಿ ಮಾತಾಡುತ್ತದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡವೆನ್ನುವ 2000ದ ನಿಯಮದಿಂದ ರಮಣಬಾಗಿನಲ್ಲಿ ಬೆಳಗಿನ ತನಕ ನಡೆಯುತ್ತಿದ್ದ ಸವಾಯಿ ಉತ್ಸವವೇ ಹೊತ್ತು ಬದಲಿಸಿಕೊಂಡಿತು, ನಮ್ಮದೇನು. ಚಳಿಯಲ್ಲಿ ಶಾಲು ಹೊದ್ದು ಕೂತು ಬೆಳಗಿನ ರಾಗ ಬೆಳಗಿಗೇ ಕೇಳುತ್ತಿದ್ದದ್ದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ, ಅದು ಬೇರೆ ಮಾತು.

ಮೊದಲ ದಿನ ಸಂಜೆ ವಾಲ್ಯೂಮು 16ರಲ್ಲಿತ್ತು. ಅಪ್ಪ ಪೂರ್ತಿ ವಾರ್ತೆ ಕೇಳಿದರು. ಆಮೇಲೆ ಒಂದು ಚರ್ಚೆಯ ಕಾರ್ಯಕ್ರಮ ಬಂತು, ಅದನ್ನೂ ಸ್ವಲ್ಪ ಕೇಳಿ, "ಇವರು ಇಷ್ಟ ದಿನಾ ಇದನ್ನ ಅಂತಿದ್ರೇನು?" ಅಂತ ನನ್ನನ್ನು ಕೇಳಿದರು. ಹೌದು ಅಂದೆ. ಚಾನೆಲ್ ಬದಲಿಸಿದರು.

ಇನ್ನೊಂದು ಸಮಸ್ಯೆ ಹಾಗೇ ಇದೆ. ಅಡಿಗೆಮನೆಯಿಂದ ನಾನು ಚಹಾ ಬೇಕಾ ಅಂತ ಕೂಗಿದರೆ ಈಗಲೂ ಮಳೆಯ ವಿಷಯವೇ ಬರುತ್ತದೆ. ನನಗೆ ನಡುವಿನ ಸ್ಪೀಕರ್ ಹಚ್ಚಲು ಬರುವುದಿಲ್ಲವಲ್ಲ. ಅದಕ್ಕೇ ಹಾಲಿಗೆ ಬಂದು, ಅಪ್ಪನಿಗೆ ಮುಖ ಕಾಣುವಂತೆ ಎದುರು ನಿಂತು ಕೇಳುತ್ತೇನೆ.

"ಅರ್ಧಾ ಕಪ್ ಸಾಕು," ಅನ್ನುತ್ತಾರೆ, "ಈಗ ಸರಕೋ, ಟಿವಿ ಕಾಣವಲ್ದು."